‘ಗೊತ್ತಿದೆ’ ಎನ್ನುವ ಪದ ಎಷ್ಟು ಗೊತ್ತಿದೆ? ಉನ್ನತ ಮಟ್ಟದ ಇಂಗ್ಲಿಷ್ ಶಬ್ದಸಂಪತ್ತು ಕಟ್ಟಿಕೊಳ್ಳುವ ಬಗೆ

ಇಂಗ್ಲಿಷಿನಲ್ಲಿ ಪತ್ರವನ್ನೋ ವರದಿಯನ್ನೋ ಬರೆಯಲು ಕುಳಿತವರಿಗೆ ಈಗ ಪದಗಳ ಕೊರತೆ ಇಲ್ಲ. ಬರೆಯುವ ತಂತ್ರಾಂಶವೇ ಒಂದು ಪದಕ್ಕೆ ನಾಲ್ಕಾರು ಬದಲಿ ಪದಗಳನ್ನು ತೋರಿಸುತ್ತದೆ. ಕೃತಕ ಬುದ್ಧಿಮತ್ತೆಯ ಸಾಧನವನ್ನು ಕೇಳಿದರೆ ಇಡೀ ಪುಟವನ್ನೇ ಬೇರೆ ಮಾತುಗಳಲ್ಲಿ ಬರೆದುಕೊಡುತ್ತದೆ. ತೊಡಕು ಶುರುವಾಗುವುದು ಅಲ್ಲಿಂದ ಮುಂದೆ. ‘ಹೆಲ್ಪ್’ ಎಂದು ಬರೆದಿದ್ದ ಕಡೆ ‘ಅಸಿಸ್ಟ್’, ‘ಏಯ್ಡ್’, ‘ಫೆಸಿಲಿಟೇಟ್’, ‘ಅಬೆಟ್’ ಎಂಬ ಪದಗಳು ಸಾಲಾಗಿ ಬಂದು ನಿಂತಾಗ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ತೀರ್ಮಾನಿಸಬೇಕಾದವರು ಬರೆಯುವವರೇ. ‘ಅಬೆಟ್’ ಎಂಬುದಕ್ಕೂ ನೆರವಾಗು ಎಂಬ ಅರ್ಥವಿದೆ. ಆದರೆ ಅದು ಬಹುಮಟ್ಟಿಗೆ ಅಪರಾಧಕ್ಕೆ ಕುಮ್ಮಕ್ಕು ಕೊಡುವ ಸಂದರ್ಭದ ಪದ. ಅದನ್ನು ಅರಿಯದವರು ಸಹೋದ್ಯೋಗಿಗೆ ಧನ್ಯವಾದ ಹೇಳಲು ಹೋಗಿ ಅವರನ್ನು ಅಪರಾಧದ ಪಾಲುದಾರರನ್ನಾಗಿ ಮಾಡಿಬಿಡಬಹುದು.

ಯುರೋಪ್ ಮಂಡಳಿಯು 2001ರಲ್ಲಿ ಪ್ರಕಟಿಸಿದ ಭಾಷಾಮಟ್ಟಗಳ ಚೌಕಟ್ಟಿನಲ್ಲಿ ಕಲಿಯುವವರನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಲ್ಲಿ ನಿಲ್ಲಿಸಲಾಗಿದೆ. ಇದರಲ್ಲಿ ಸಿ1 ಮತ್ತು ಸಿ2 ಎಂಬ ಕೊನೆಯ ಎರಡು ಮೆಟ್ಟಿಲುಗಳಿಗೆ ಬೇಕಾಗುವ ಪದಜ್ಞಾನವನ್ನು ಈ ಲೇಖನದಲ್ಲಿ ‘ಉನ್ನತ ಮಟ್ಟದ ಶಬ್ದಸಂಪತ್ತು’ ಎಂದು ಕರೆಯಲಾಗಿದೆ. ದಿನನಿತ್ಯದ ಮಾತುಕತೆ, ಸಾಮಾನ್ಯ ಪತ್ರವ್ಯವಹಾರ, ಸುದ್ದಿಯ ಓದು ಇವೆಲ್ಲ ನಡೆದುಹೋಗುತ್ತಿದ್ದರೂ ಅಲ್ಲಿಂದ ಮೇಲಕ್ಕೆ ಏರಲಾಗುತ್ತಿಲ್ಲ ಎನ್ನುವವರು ನಿಂತಿರುವುದು ಸಾಮಾನ್ಯವಾಗಿ ಅದರ ಕೆಳಗಿನ ಮೆಟ್ಟಿಲಾದ ಬಿ2ರಲ್ಲಿ.

ಒಂದು ಪದ ಗೊತ್ತಿರುವುದೆಂದರೆ ಏನು?

ಅರ್ಥ ಹೇಳಬಲ್ಲೆವಾದರೆ ಪದ ಗೊತ್ತಿದೆ ಎಂದು ನಾವು ತಿಳಿದುಕೊಂಡಿರುತ್ತೇವೆ. ಕನ್ನಡದಲ್ಲಿ ನಮಗೆ ಪದಗಳು ಹೇಗೆ ಗೊತ್ತಿವೆ ಎಂಬುದನ್ನು ಗಮನಿಸಿದರೆ ಈ ತಿಳಿವಳಿಕೆ ಎಷ್ಟು ಅರೆಬರೆ ಎಂಬುದು ಕಾಣುತ್ತದೆ. ‘ಸತ್ತರು’, ‘ತೀರಿಕೊಂಡರು’, ‘ನಿಧನರಾದರು’, ‘ಅಸುನೀಗಿದರು’ ಈ ನಾಲ್ಕಕ್ಕೂ ನಿಘಂಟು ಕೊಡುವ ಅರ್ಥ ಒಂದೇ. ಆದರೆ ನೆರೆಮನೆಯ ಹಿರಿಯರ ವಿಷಯ ಹೇಳುವಾಗ, ಗಣ್ಯರ ಸುದ್ದಿ ಬರೆಯುವಾಗ, ಅಪಘಾತದ ವರದಿ ಮಾಡುವಾಗ ನಾವು ಯಾರೂ ಕಲಿಸದೆಯೇ ಬೇರೆ ಬೇರೆ ಪದಗಳನ್ನು ಆರಿಸಿಕೊಳ್ಳುತ್ತೇವೆ. ಆ ಆಯ್ಕೆಯ ಹಿಂದೆ ಪದದ ಅರ್ಥದ ಜೊತೆಗೆ ಅದರ ಗೌರವ, ಅದರ ಸಂದರ್ಭ, ಅದು ಬರಹದ್ದೋ ಮಾತಿನದ್ದೋ ಎಂಬ ಅರಿವು, ಅದರ ಜೊತೆಗೆ ಬರುವ ಇತರ ಪದಗಳು ಎಲ್ಲವೂ ಇರುತ್ತವೆ.

ಭಾಷಾ ಬೋಧನೆಯಲ್ಲಿ ಶಬ್ದಸಂಪತ್ತನ್ನು ಎರಡಾಗಿ ನೋಡುವ ವಾಡಿಕೆ ಇದೆ. ಓದುವಾಗ, ಕೇಳುವಾಗ ಅರ್ಥವಾಗುವ ಪದಗಳು ಗ್ರಹಿಕೆಯ ಸಂಪತ್ತು. ಬರೆಯುವಾಗ, ಮಾತನಾಡುವಾಗ ತಾವಾಗಿ ನಾಲಗೆಗೆ ಬರುವ ಪದಗಳು ಬಳಕೆಯ ಸಂಪತ್ತು. ಮೊದಲನೆಯದು ಎಲ್ಲರಲ್ಲೂ ಎರಡನೆಯದಕ್ಕಿಂತ ದೊಡ್ಡದು, ತಾಯ್ನುಡಿಯಲ್ಲೂ ಅಷ್ಟೇ. ಮುಖ ನೋಡಿದರೆ ಗುರುತು ಹಿಡಿಯಬಲ್ಲ ಜನ ಸಾವಿರಾರು ಇರುತ್ತಾರೆ, ಹೆಸರು ಹಿಡಿದು ಕರೆಯಬಲ್ಲವರು ಕೆಲವೇ ನೂರು, ಇದೂ ಹಾಗೆಯೇ. ಹೀಗಾಗಿ ಶಬ್ದಸಂಪತ್ತು ಬೆಳೆಯುವುದು ಎರಡು ದಿಕ್ಕಿನಲ್ಲಿ: ಹೊಸ ಮುಖಗಳ ಪರಿಚಯವಾಗುವುದು ಒಂದು, ಪರಿಚಿತ ಮುಖಗಳ ಹೆಸರು, ಸ್ವಭಾವ, ಸಂಬಂಧಗಳು ತಿಳಿಯುವುದು ಇನ್ನೊಂದು. ಪರೀಕ್ಷೆಗೆಂದು ಅಪರೂಪದ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವವರು ಮೊದಲನೆಯದನ್ನು ಮಾತ್ರ ಮಾಡುತ್ತಾರೆ. ಮೇಲಿನ ಮೆಟ್ಟಿಲುಗಳಲ್ಲಿ ಹೆಚ್ಚು ಕೆಲಸವಿರುವುದು ಎರಡನೆಯದರಲ್ಲಿ.

ಎಷ್ಟು ಪದಗಳು ಬೇಕು?

ಇಪ್ಪತ್ತು ಸಂಪುಟಗಳಲ್ಲಿ 1989ರಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೆಯ ಆವೃತ್ತಿಯಲ್ಲಿ ಬಳಕೆಯಲ್ಲಿರುವ ಪದಗಳೇ 1,71,476 ಇದ್ದವು. ಈ ಸಂಖ್ಯೆಯನ್ನು ನೋಡಿ ಎದೆಗುಂದಬೇಕಾಗಿಲ್ಲ, ಏಕೆಂದರೆ ಯಾವ ಭಾಷೆಯಲ್ಲೇ ಆಗಲಿ ಕೆಲವೇ ಪದಗಳು ಮತ್ತೆ ಮತ್ತೆ ಬರುತ್ತವೆ, ಉಳಿದ ಬಹುಪಾಲು ಪದಗಳು ಅಪರೂಪಕ್ಕೊಮ್ಮೆ ತಲೆಹಾಕುತ್ತವೆ. ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2,000 ಪದಗಳ ಒಂದು ಸಾಮಾನ್ಯ ಬಳಕೆಯ ಪಟ್ಟಿಯನ್ನು ಪ್ರಕಟಿಸಿದರು. ಕಠಿಣವೆನಿಸುವ ವಿದ್ವತ್ ಬರಹವನ್ನು ತೆಗೆದುಕೊಂಡರೂ ಅದರಲ್ಲಿನ ಸುಮಾರು ಮುಕ್ಕಾಲು ಪಾಲು ಪದಗಳು ಆ ಪಟ್ಟಿಯೊಳಗಿನವೇ ಆಗಿರುತ್ತವೆ.

ಇಲ್ಲಿ ಎಣಿಕೆಯ ಘಟಕ ಯಾವುದೆಂದು ತಿಳಿದಿರಬೇಕು. ‘ಡಿಸೈಡ್’, ‘ಡಿಸಿಷನ್’, ‘ಡಿಸೈಸಿವ್’, ‘ಇನ್‌ಡಿಸೈಸಿವ್’ ಇವನ್ನು ನಾಲ್ಕು ಪದಗಳೆಂದು ಎಣಿಸದೆ ಒಂದೇ ಪದಕುಟುಂಬ ಎಂದು ಎಣಿಸುವುದು ಈ ಕ್ಷೇತ್ರದ ರೂಢಿ. ಈ ಲೆಕ್ಕದಲ್ಲಿ, ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಷನ್ ಅವರು 2006ರಲ್ಲಿ ಅಂದಾಜಿಸಿದಂತೆ, ಕಾದಂಬರಿ, ಪತ್ರಿಕೆಗಳಂಥ ಬರಹವನ್ನು ಬೇರೆಯವರ ನೆರವಿಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು ಬೇಕು. ಮಾತನ್ನು ಅರ್ಥ ಮಾಡಿಕೊಳ್ಳಲು 6,000ದಿಂದ 7,000 ಸಾಕು. ಪಠ್ಯದ ಶೇ 98ರಷ್ಟು ಪದಗಳು ಗೊತ್ತಿರಬೇಕು ಎಂಬ ಅಳತೆಗೋಲಿನ ಮೇಲೆ ನಿಂತ ಅಂದಾಜು ಇದು. ಶೇ 98 ಎಂದರೆ ಐವತ್ತು ಪದಗಳಿಗೆ ಒಂದು ಅಪರಿಚಿತ ಪದ. ಮುನ್ನೂರು ಪದಗಳ ಒಂದು ಪುಟದಲ್ಲಿ ಅಂಥವು ಆರು ಇದ್ದರೆ ಓದು ಸಾಗುತ್ತದೆ, ಆ ಆರರ ಅರ್ಥವನ್ನೂ ಹೆಚ್ಚುಕಡಿಮೆ ಊಹಿಸಬಹುದು. ಶೇ 95ಕ್ಕೆ ಇಳಿದರೆ ಅದೇ ಪುಟದಲ್ಲಿ ಹದಿನೈದು ಅಪರಿಚಿತ ಪದಗಳು ಎದುರಾಗುತ್ತವೆ. ಮೂರು ಅಂಕದ ಅಂತರ ಕಾಗದದ ಮೇಲೆ ಚಿಕ್ಕದು, ಓದುವವರ ತಾಳ್ಮೆಗೆ ದೊಡ್ಡದು.

ಪ್ರಗತಿ ನಿಂತುಹೋದಂತೆ ತೋರುವುದಕ್ಕೂ ಕಾರಣ ಇಲ್ಲಿದೆ. ಮೊದಲ ಎರಡು ಸಾವಿರ ಪದಗಳಲ್ಲಿ ಒಂದೊಂದನ್ನು ಕಲಿತಾಗಲೂ ಅದು ಮರುದಿನವೇ ಎಲ್ಲಾದರೂ ಎದುರಾಗುತ್ತದೆ. ಕಲಿತದ್ದಕ್ಕೆ ಕೂಡಲೇ ಫಲ ಸಿಗುತ್ತದೆ. ಆರು ಸಾವಿರದ ಆಚೆಯ ಪದವೊಂದನ್ನು ಕಲಿತರೆ ಅದು ಮತ್ತೆ ಕಣ್ಣಿಗೆ ಬೀಳಲು ವಾರಗಳೇ ಬೇಕಾಗಬಹುದು, ಅಷ್ಟರಲ್ಲಿ ಅದು ಮರೆತೂ ಹೋಗಿರುತ್ತದೆ. ಶ್ರಮ ಅಷ್ಟೇ ಇದ್ದರೂ ಫಲ ತಡವಾಗುತ್ತದೆ. ದಿನಕ್ಕೆ ಐದು ಪದಗಳಂತೆ ವರ್ಷಕ್ಕೆ ಮುನ್ನೂರು ದಿನ ಕಲಿತು, ಅದರಲ್ಲಿ ಅರ್ಧ ಮಾತ್ರ ಉಳಿಯಿತು ಎಂದುಕೊಂಡರೂ ವರ್ಷಕ್ಕೆ 750 ಪದಗಳು ಸೇರುತ್ತವೆ. ನಾಲ್ಕು ಸಾವಿರದಿಂದ ಎಂಟು ಸಾವಿರಕ್ಕೆ ಹೋಗಲು ಐದು ವರ್ಷಕ್ಕಿಂತ ತುಸು ಹೆಚ್ಚು ಬೇಕು. ಮೂವತ್ತು ದಿನಗಳಲ್ಲಿ ಪ್ರಾವೀಣ್ಯ ಎಂಬ ಜಾಹೀರಾತುಗಳನ್ನು ಈ ಸರಳ ಗುಣಾಕಾರದ ಪಕ್ಕದಲ್ಲಿಟ್ಟು ನೋಡಬಹುದು.

ಯಾವುದನ್ನು ಮೊದಲು ಕಲಿಯಬೇಕು ಎಂಬ ಪ್ರಶ್ನೆಗೂ ಈ ಎಣಿಕೆಯಲ್ಲಿ ಉತ್ತರವಿದೆ. ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ವಿದ್ವತ್ ಬರಹಗಳನ್ನು ಜಾಲಾಡಿ 570 ಪದಕುಟುಂಬಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ‘ಅನಲೈಜ್’, ‘ಕಾನ್ಸೆಪ್ಟ್’, ‘ಸಿಗ್ನಿಫಿಕೆಂಟ್’, ‘ಡಿರೈವ್’, ‘ಕಾನ್ಸಿಕ್ವೆಂಟ್’ ಮೊದಲಾದ ಈ ಪದಗಳು ವಿದ್ವತ್ ಬರಹದ ಸುಮಾರು ಹತ್ತನೆಯ ಒಂದು ಭಾಗವನ್ನು ಆವರಿಸುತ್ತವೆ. ಇವು ಯಾವುದೇ ಒಂದು ವಿಷಯಕ್ಕೆ ಸೇರಿದವಲ್ಲ. ವಿಜ್ಞಾನದಲ್ಲೂ ಕಾನೂನಿನಲ್ಲೂ ವಾಣಿಜ್ಯದಲ್ಲೂ ವಾದವನ್ನು ಕಟ್ಟಲು ಬೇಕಾಗುವ ಇಟ್ಟಿಗೆಗಳು. ದಿನಬಳಕೆಗೂ ಅಪರೂಪಕ್ಕೂ ನಡುವಿನ ಈ ಪದರವನ್ನು ಗಟ್ಟಿಮಾಡಿಕೊಳ್ಳದೆ ನೇರವಾಗಿ ಅಲಂಕಾರದ ಪದಗಳಿಗೆ ಹಾರುವವರೇ ಹೆಚ್ಚು.

ಇಂಗ್ಲಿಷಿನಲ್ಲಿ ಒಂದೇ ಅರ್ಥಕ್ಕೆ ಇಷ್ಟೊಂದು ಪದಗಳು ಏಕೆ?

ಇಂಗ್ಲಿಷ್ ಮೂಲತಃ ಜರ್ಮನಿಕ್ ಕುಲದ ಭಾಷೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ, ನ್ಯಾಯಾಲಯ, ಆಡಳಿತಗಳಲ್ಲಿ ಫ್ರೆಂಚ್ ನೆಲೆಯೂರಿತು. ಹೊಲ, ಮನೆ, ಕೊಟ್ಟಿಗೆಗಳಲ್ಲಿ ಹಳೆಯ ಭಾಷೆ ಉಳಿಯಿತು. ಮುಂದೆ ವಿದ್ಯೆಯ ಪುನರುಜ್ಜೀವನದ ಕಾಲದಲ್ಲಿ ವಿದ್ವಾಂಸರು ಲ್ಯಾಟಿನ್ ಮತ್ತು ಗ್ರೀಕ್ ಗ್ರಂಥಗಳಿಂದ ನೇರವಾಗಿ ಸಾವಿರಾರು ಪದಗಳನ್ನು ಎತ್ತಿಕೊಂಡರು. ಹೀಗೆ ಮೂರು ಪದರಗಳು ಒಂದರ ಮೇಲೊಂದು ಕುಳಿತವು. ಪ್ರಶ್ನೆ ಕೇಳುವುದಕ್ಕೆ ಜರ್ಮನಿಕ್ ಮೂಲದ ‘ಆಸ್ಕ್’, ಫ್ರೆಂಚ್ ಹಾದಿಯಲ್ಲಿ ಬಂದ ‘ಕ್ವೆಶ್ಚನ್’, ಲ್ಯಾಟಿನ್ನಿನ ‘ಇಂಟರಾಗೇಟ್’ ಮೂರೂ ಇವೆ. ಮಗು ತಾಯಿಯನ್ನು ‘ಆಸ್ಕ್’ ಮಾಡುತ್ತದೆ, ವಕೀಲರು ಸಾಕ್ಷಿಯನ್ನು ‘ಕ್ವೆಶ್ಚನ್’ ಮಾಡುತ್ತಾರೆ, ಪೊಲೀಸರು ಬಂಧಿತನನ್ನು ‘ಇಂಟರಾಗೇಟ್’ ಮಾಡುತ್ತಾರೆ. ‘ಕಿಂಗ್ಲಿ’, ‘ರಾಯಲ್’, ‘ರೀಗಲ್’ ಎಂಬ ಮೂವರೂ ಇಂಥದೇ ಒಡಹುಟ್ಟಿದವರು.

ಕನ್ನಡಿಗರಿಗೆ ಈ ವ್ಯವಸ್ಥೆ ಹೊಸದಲ್ಲ. ‘ಮನೆ’ ಎಂಬ ದೇಶ್ಯ ಪದದ ಜೊತೆಗೆ ‘ಗೃಹ’ ಎಂಬ ತತ್ಸಮವೂ ನಮ್ಮಲ್ಲಿದೆ. ಅರ್ಥ ಒಂದೇ ಆದರೂ ‘ಗೃಹಸಚಿವ’ರನ್ನು ಯಾರೂ ‘ಮನೆಸಚಿವ’ರು ಎನ್ನುವುದಿಲ್ಲ. ‘ನೀರು’ ಕುಡಿಯುವುದಕ್ಕೆ, ‘ಜಲ’ ಇಲಾಖೆಯ ಫಲಕಕ್ಕೆ ಮತ್ತು ಕವಿತೆಗೆ. ದೇಶ್ಯ ಪದ ಆಪ್ತ, ತತ್ಸಮ ಗಂಭೀರ ಎಂಬ ನಮ್ಮ ಅರಿವನ್ನು ಇಂಗ್ಲಿಷಿಗೂ ಹಚ್ಚಿ ನೋಡಬಹುದು. ಚಿಕ್ಕದಾದ, ಹಳೆಯ ಜರ್ಮನಿಕ್ ಪದಗಳು ಬೆಚ್ಚಗಿನವು ಮತ್ತು ನೇರವಾದವು. ಉದ್ದನೆಯ ಲ್ಯಾಟಿನ್ ಪದಗಳು ದೂರ ನಿಂತು ಮಾತನಾಡುತ್ತವೆ. ಗೆಳೆಯರ ಮಾತಿನ ನಡುವೆ ‘ಸ್ಟಾರ್ಟ್’ ಬದಲು ‘ಕಮೆನ್ಸ್’, ‘ಎಂಡ್’ ಬದಲು ‘ಟರ್ಮಿನೇಟ್’ ಎನ್ನುವುದು, ಪಕ್ಕದಲ್ಲಿ ಕುಳಿತವರನ್ನು ‘ತಾವು ಜಲಪಾನ ಮಾಡುವಿರಾ’ ಎಂದು ಕೇಳಿದಂತೆ.

ಇದರಿಂದ ಹುಟ್ಟುವ ಒಂದು ವಿಚಿತ್ರವೂ ಇದೆ. ಪುಸ್ತಕದಿಂದ ಇಂಗ್ಲಿಷ್ ಕಲಿತವರಿಗೆ ‘ಟಾಲರೇಟ್’, ‘ಪೋಸ್ಟ್‌ಪೋನ್’, ‘ಇನ್ವೆಸ್ಟಿಗೇಟ್’ ಎಂಬ ಭಾರದ ಪದಗಳು ಸಲೀಸು; ಅದೇ ಅರ್ಥದ ‘ಪುಟ್ ಅಪ್ ವಿತ್’, ‘ಪುಟ್ ಆಫ್’, ‘ಲುಕ್ ಇನ್‌ಟು’ ಎಂಬ ಮನೆಮಾತಿನ ಜೋಡಿಗಳು ಕಷ್ಟ. ‘ಪುಟ್’, ‘ಅಪ್’, ‘ವಿತ್’ ಮೂರೂ ಒಂದನೆಯ ತರಗತಿಯ ಪದಗಳೇ ಆದರೂ ಒಟ್ಟಿಗೆ ಸೇರಿದಾಗ ಸಹಿಸಿಕೊಳ್ಳು ಎಂಬ ಅರ್ಥ ಎಲ್ಲಿಂದ ಬಂತೆಂದು ಬಿಡಿ ಪದಗಳನ್ನು ನೋಡಿ ಹೇಳಲಾಗದು. ಆದ್ದರಿಂದ ಉನ್ನತ ಮಟ್ಟ ಎಂದರೆ ಉದ್ದನೆಯ ಪದ ಎಂದು ತಿಳಿಯುವುದು ತಪ್ಪು ಲೆಕ್ಕ. ಇಂಥ ಪುಟ್ಟ ಪದಗಳ ಜೋಡಿಗಳೂ ಅದರೊಳಗೇ ಸೇರುತ್ತವೆ.

ಧಾತು ಮತ್ತು ಉಪಸರ್ಗಗಳು ಎಷ್ಟು ದೂರ ಕರೆದೊಯ್ಯುತ್ತವೆ?

ಶಾಲೆಯ ವ್ಯಾಕರಣದಲ್ಲಿ ‘ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ’ ಎಂಬ ಸಾಲನ್ನು ಓದಿದವರಿಗೆ ಒಂದೇ ಧಾತುವಿಗೆ ಬೇರೆ ಬೇರೆ ಉಪಸರ್ಗಗಳು ಸೇರಿ ಬೇರೆ ಬೇರೆ ಅರ್ಥಗಳು ಹುಟ್ಟುವುದು ಗೊತ್ತಿದೆ. ಇಂಗ್ಲಿಷಿನ ಲ್ಯಾಟಿನ್ ಪದಗಳೂ ಇದೇ ಅಚ್ಚಿನವು. ನೋಡು ಎಂಬ ಅರ್ಥದ ‘ಸ್ಪೆಕ್ಟ್’ ಎಂಬ ಮೂಲವನ್ನು ಹಿಡಿದರೆ, ಒಳಹೊಕ್ಕು ನೋಡುವುದು ‘ಇನ್‌ಸ್ಪೆಕ್ಟ್’, ಹಿಂದಿರುಗಿ ನೋಡುವುದು ‘ರೆಟ್ರೋಸ್ಪೆಕ್ಟ್’, ನೋಡುತ್ತ ಕೂರುವವರು ‘ಸ್ಪೆಕ್ಟೇಟರ್’, ಸುತ್ತಲೂ ನೋಡಿ ಹೆಜ್ಜೆಯಿಡುವವರ ಎಚ್ಚರಿಕೆಯ ಗುಣ ‘ಸರ್ಕಮ್‌ಸ್ಪೆಕ್ಟ್’. ಇವುಗಳಲ್ಲಿ ಕೊನೆಯದನ್ನು ಬಿಡಿಯಾಗಿ ಬಾಯಿಪಾಠ ಮಾಡಿದರೆ ನಾಳೆ ಮರೆಯುತ್ತದೆ, ಬಳಗದ ಜೊತೆ ನೋಡಿದರೆ ನಿಲ್ಲುತ್ತದೆ.

ಸಂಧಿಯೂ ಅಲ್ಲಿ ಇದೆ. ‘ಸತ್’ ಮತ್ತು ‘ಜನ’ ಸೇರಿ ‘ಸಜ್ಜನ’ ಆಗುವ ಹಾಗೆ, ಇಲ್ಲ ಎಂಬ ಅರ್ಥದ ‘ಇನ್’ ಎಂಬುದು ಮುಂದಿನ ಅಕ್ಷರಕ್ಕೆ ಒಗ್ಗಿಕೊಂಡು ‘ಇಂಪಾಸಿಬಲ್’ನಲ್ಲಿ ‘ಇಮ್’, ‘ಇಲ್ಲೀಗಲ್’ನಲ್ಲಿ ‘ಇಲ್’, ‘ಇರ್ರೆಗ್ಯುಲರ್’ನಲ್ಲಿ ‘ಇರ್’ ಆಗುತ್ತದೆ. ನಾಲಗೆಯ ಅನುಕೂಲವೇ ಎರಡೂ ಕಡೆಯ ಕಾರಣ.

ಆದರೆ ‘ಹಾರ’ದ ಸಾಲು ಇನ್ನೊಂದು ಪಾಠವನ್ನೂ ಹೇಳುತ್ತದೆ. ಉಪಸರ್ಗ ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ. ‘ಆಹಾರ’ದ ಅರ್ಥ ಗೊತ್ತಿದ್ದವರು ಅದರ ಬಲದಿಂದ ‘ಸಂಹಾರ’ವನ್ನು ಊಹಿಸಲಾರರು. ಇಂಗ್ಲಿಷಿನಲ್ಲೂ ‘ಇನ್‌ವ್ಯಾಲ್ಯುಬಲ್’ ಎಂದರೆ ಬೆಲೆಯಿಲ್ಲದ್ದು ಎಂದಲ್ಲ, ಬೆಲೆ ಕಟ್ಟಲಾಗದಷ್ಟು ಅಮೂಲ್ಯವಾದದ್ದು. ‘ಇನ್‌ಫೇಮಸ್’ ಎಂದರೆ ಅಪರಿಚಿತನಲ್ಲ, ಕುಖ್ಯಾತ. ‘ಇನ್‌ಫ್ಲೇಮಬಲ್’ ಮತ್ತು ‘ಫ್ಲೇಮಬಲ್’ ಎರಡಕ್ಕೂ ಬೇಗ ಹೊತ್ತಿಕೊಳ್ಳುವಂಥದ್ದು ಎಂದೇ ಅರ್ಥ; ಇಲ್ಲಿ ಊಹೆ ತಪ್ಪಿದರೆ ಪರಿಣಾಮ ವ್ಯಾಕರಣಕ್ಕೆ ಸೀಮಿತವಾಗಿ ಉಳಿಯುವುದಿಲ್ಲ. ಧಾತುವಿನ ತಿಳಿವಳಿಕೆ ಕಲಿತ ಪದವನ್ನು ನೆನಪಿನಲ್ಲಿಡಲು ಒಳ್ಳೆಯ ಗೂಟ. ಕಲಿಯದ ಪದದ ಅರ್ಥ ಹೇಳಲು ಅದನ್ನೊಂದೇ ನಂಬುವಂತಿಲ್ಲ.

ಗೊತ್ತಿರುವ ಪದಗಳ ಗೊತ್ತಿಲ್ಲದ ಅರ್ಥಗಳು

ಹೊಸ ಪದ ಎದುರಾದಾಗ ನಿಘಂಟು ತೆರೆಯುತ್ತೇವೆ. ಹಳೆಯ ಪದ ಹೊಸ ಅರ್ಥದಲ್ಲಿ ಬಂದಾಗ ತೆರೆಯುವುದಿಲ್ಲ, ಏಕೆಂದರೆ ಅದು ಗೊತ್ತಿದೆ ಎಂಬ ನೆಮ್ಮದಿ ಇರುತ್ತದೆ. ಮೇಲಿನ ಮಟ್ಟದಲ್ಲಿ ಓದುಗರು ಹೆಚ್ಚು ಎಡವುವುದು ಇಲ್ಲಿಯೇ. ‘ಅಡ್ರೆಸ್’ ಎಂದರೆ ವಿಳಾಸ. ಸಭೆಯನ್ನು ‘ಅಡ್ರೆಸ್’ ಮಾಡುವುದೆಂದರೆ ಉದ್ದೇಶಿಸಿ ಮಾತನಾಡುವುದು. ಸಮಸ್ಯೆಯನ್ನು ‘ಅಡ್ರೆಸ್’ ಮಾಡುವುದೆಂದರೆ ಅದಕ್ಕೆ ಗಮನ ಕೊಟ್ಟು ಕ್ರಮಕ್ಕೆ ಮುಂದಾಗುವುದು. ‘ಅಪ್ರೀಷಿಯೇಟ್’ ಎಂದರೆ ಮೆಚ್ಚು ಎಂದು ಕಲಿತವರಿಗೆ, ಆಸ್ತಿಯ ಮೌಲ್ಯ ಏರುವುದಕ್ಕೂ ಇನ್ನೊಬ್ಬರ ಕಷ್ಟವನ್ನು ಮನಗಾಣುವುದಕ್ಕೂ ಅದೇ ಪದವಿದೆ ಎಂಬುದು ತಡವಾಗಿ ತಿಳಿಯುತ್ತದೆ. ‘ಕ್ವಾಲಿಫೈ’ ಎಂದರೆ ಅರ್ಹತೆ ಪಡೆ ಎಂಬುದು ಸರಿ, ಆದರೆ ಹೇಳಿಕೆಯೊಂದನ್ನು ‘ಕ್ವಾಲಿಫೈ’ ಮಾಡುವುದೆಂದರೆ ಅದಕ್ಕೆ ಮಿತಿ ಹಾಕುವುದು. ಹೀಗಾಗಿ ‘ಕ್ವಾಲಿಫೈಡ್ ಸಕ್ಸೆಸ್’ ಎಂಬುದು ಹೊಗಳಿಕೆಯಲ್ಲ, ಗೆದ್ದಿದ್ದೇನೋ ನಿಜ, ಪೂರ್ತಿಯಾಗಿ ಅಲ್ಲ ಎಂಬ ಮಾತು.

ಕೆಲವು ಪದಗಳು ತಮ್ಮ ವಿರುದ್ಧಾರ್ಥವನ್ನು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ‘ಸ್ಯಾಂಕ್ಷನ್’ ಎಂದರೆ ಅನುಮತಿ, ಬೇರೊಂದು ಸಂದರ್ಭದಲ್ಲಿ ದಂಡನೆಯ ನಿರ್ಬಂಧ. ‘ಓವರ್‌ಸೈಟ್’ ಎಂದರೆ ಮೇಲ್ವಿಚಾರಣೆ, ಹಾಗೆಯೇ ಕಣ್ತಪ್ಪು. ಸಭೆಯಲ್ಲಿ ವಿಷಯವೊಂದನ್ನು ‘ಟೇಬಲ್’ ಮಾಡುವುದೆಂದರೆ ಬ್ರಿಟಿಷರ ಬಳಕೆಯಲ್ಲಿ ಚರ್ಚೆಗೆ ಮಂಡಿಸುವುದು, ಅಮೆರಿಕದ ಬಳಕೆಯಲ್ಲಿ ಚರ್ಚೆಯನ್ನು ಮುಂದಕ್ಕೆ ಹಾಕುವುದು.

ಕನ್ನಡದೊಳಗೆ ಬಂದು ನೆಲೆಸಿದ ಇಂಗ್ಲಿಷ್ ಪದಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ನಾವು ‘ಡೌಟ್ ಇದೆ’ ಎನ್ನುವಾಗ ಕೇಳುವುದೊಂದಿದೆ ಎಂದು ಹೇಳುತ್ತಿರುತ್ತೇವೆ. ಬೇರೆ ಕಡೆಯ ಇಂಗ್ಲಿಷ್ ಕಿವಿಗೆ ‘ಡೌಟ್’ ಎಂದರೆ ಮುಖ್ಯವಾಗಿ ಅಪನಂಬಿಕೆ. ಉಪನ್ಯಾಸ ಮುಗಿದ ಮೇಲೆ ‘ನನಗೆ ಡೌಟ್ ಇದೆ’ ಎಂದರೆ ಹೇಳಿದ್ದನ್ನು ನಂಬಲಿಲ್ಲ ಎಂದು ತಿಳಿದುಕೊಳ್ಳುವ ಸಾಧ್ಯತೆ ಉಂಟು.

ಪದದ ಸಹವಾಸ

ಬ್ರಿಟನ್ನಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಅವರು 1957ರಲ್ಲಿ, ಪದವೊಂದನ್ನು ಅದರ ಒಡನಾಡಿಗಳಿಂದ ತಿಳಿಯಬೇಕು ಎಂಬರ್ಥದ ಮಾತನ್ನು ಬರೆದರು. ಯಾವ ಪದ ಯಾವ ಪದದ ಜೊತೆ ಸಹಜವಾಗಿ ಬರುತ್ತದೆ ಎಂಬ ಈ ಕಟ್ಟಿಗೆ ಇಂಗ್ಲಿಷಿನಲ್ಲಿ ‘ಕೊಲೊಕೇಶನ್’ ಎಂದು ಹೆಸರು. ಕನ್ನಡದಲ್ಲಿ ಪದಸಹವಾಸ ಎನ್ನಬಹುದು. ನಾವು ‘ಮೌನ ವಹಿಸು’ತ್ತೇವೆ, ‘ನಿರ್ಧಾರ ಕೈಗೊಳ್ಳು’ತ್ತೇವೆ; ‘ಮೌನ ಕೈಗೊಂಡರು’ ಎಂದರೆ ಅರ್ಥವಾದರೂ ಕಿವಿ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲೂ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ಅದಲುಬದಲು ಮಾಡಿದರೆ ವ್ಯಾಕರಣ ತಪ್ಪದಿದ್ದರೂ ಹೊರಗಿನವರು ಬರೆದದ್ದು ಎಂದು ಗೊತ್ತಾಗಿಬಿಡುತ್ತದೆ. ನಿರಾಶೆ ‘ಬಿಟರ್’, ವಿಷಾದ ‘ಡೀಪ್’, ಅಸಂಭವ ಎನ್ನುವುದಕ್ಕೆ ‘ಹೈಲಿ ಅನ್‌ಲೈಕ್ಲಿ’. ಏಕೆ ಹೀಗೆ ಎಂಬುದಕ್ಕೆ ತರ್ಕದ ಉತ್ತರವಿಲ್ಲ, ಬಳಕೆಯೇ ಉತ್ತರ.

ಸಹವಾಸದಿಂದ ಪದಕ್ಕೆ ಬಣ್ಣವೂ ಹತ್ತುತ್ತದೆ. ಕನ್ನಡದಲ್ಲಿ ಟೀಕೆಗೆ ‘ಗುರಿಯಾಗುತ್ತಾರೆ’, ಮೆಚ್ಚುಗೆಗೆ ‘ಪಾತ್ರರಾಗುತ್ತಾರೆ’. ಮೆಚ್ಚುಗೆಗೆ ಗುರಿಯಾದರು ಎಂದು ಬರೆದರೆ ವ್ಯಂಗ್ಯವಿದೆಯೇ ಎಂದು ಓದುಗರು ಹುಡುಕುತ್ತಾರೆ. ಇಂಗ್ಲಿಷಿನ ‘ಕಾಸ್’ ಎಂಬ ಕ್ರಿಯಾಪದ ಇಂಥದು. ಉಂಟುಮಾಡು ಎಂಬ ತಟಸ್ಥ ಅರ್ಥವನ್ನೇ ನಿಘಂಟು ಕೊಟ್ಟರೂ, ಬಳಕೆಯಲ್ಲಿ ಅದರ ಹಿಂದೆ ಬರುವುದು ಬಹುಪಾಲು ಹಾನಿ, ನೋವು, ಗೊಂದಲ, ವಿಳಂಬಗಳೇ. ಸಂತೋಷಕ್ಕೆ ‘ಬ್ರಿಂಗ್’ ಒಪ್ಪುತ್ತದೆ. ಹಾಗೆಯೇ ‘ಥ್ರಿಫ್ಟಿ’ ಎಂದರೆ ಹಿಡಿತದಿಂದ ಖರ್ಚು ಮಾಡುವವರು, ‘ಸ್ಟಿಂಜಿ’ ಎಂದರೆ ಜಿಪುಣರು. ‘ಚೈಲ್ಡ್‌ಲೈಕ್’ ಎಂಬುದು ಮುಗ್ಧತೆಗೆ ಸಂದ ಮೆಚ್ಚುಗೆ, ‘ಚೈಲ್ಡಿಶ್’ ಎಂಬುದು ಬೈಗುಳ.

ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1852ರಲ್ಲಿ ಪ್ರಕಟಿಸಿದ ಪರ್ಯಾಯ ಪದಗಳ ಕೋಶದಿಂದ ಇಂದಿನ ತಂತ್ರಾಂಶಗಳವರೆಗೆ ಸಮಾನಾರ್ಥಕಗಳನ್ನು ಒಟ್ಟಿಗೆ ಕೊಡುವ ಎಲ್ಲ ಸಾಧನಗಳೂ ಗೊತ್ತಿದ್ದು ಮರೆತ ಪದವನ್ನು ನೆನಪಿಸಲು ಬಹಳ ಒಳ್ಳೆಯವು. ಗೊತ್ತೇ ಇಲ್ಲದ ಪದವನ್ನು ಅಲ್ಲಿಂದ ನೇರವಾಗಿ ಎತ್ತಿ ವಾಕ್ಯದಲ್ಲಿಟ್ಟರೆ ಅದು ಈ ಲೇಖನದ ಮೊದಲಿಗೆ ಬಂದ ‘ಅಬೆಟ್’ ಆಗುತ್ತದೆ.

ಕಲಿತದ್ದು ಮರೆಯದಂತೆ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿ ವೇಗವಾಗಿ ನಡೆದು ಆಮೇಲೆ ನಿಧಾನವಾಗುತ್ತದೆ ಎಂಬುದು ಅವರು ಕಂಡದ್ದು. ಆದ್ದರಿಂದ ಒಂದೇ ದಿನ ಇಪ್ಪತ್ತು ಸಲ ಓದುವುದಕ್ಕಿಂತ, ಅದೇ ಪದವನ್ನು ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಒಂದೊಂದು ಸಲ ನೋಡುವುದು ಹೆಚ್ಚು ಫಲ ಕೊಡುತ್ತದೆ. ಗಿಡಕ್ಕೆ ತಿಂಗಳ ನೀರನ್ನೆಲ್ಲ ಒಂದೇ ದಿನ ಸುರಿದರೆ ಹರಿದುಹೋಗುತ್ತದೆ, ಅಷ್ಟನ್ನೇ ಹಂಚಿ ಹಾಕಿದರೆ ಬೇರಿಗೆ ಇಳಿಯುತ್ತದೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದನ್ನು ಡಬ್ಬಿಯ ಪದ್ಧತಿಯಾಗಿ ಜನಪ್ರಿಯಗೊಳಿಸಿದರು: ಚೀಟಿಯ ಒಂದು ಬದಿಯಲ್ಲಿ ಪದ, ಇನ್ನೊಂದು ಬದಿಯಲ್ಲಿ ಅರ್ಥ, ಸರಿಯಾಗಿ ಹೇಳಿದರೆ ಚೀಟಿ ಮುಂದಿನ ಅರೆಗೆ ಹೋಗಿ ಇನ್ನಷ್ಟು ತಡವಾಗಿ ಮರಳುತ್ತದೆ, ತಪ್ಪಿದರೆ ಮೊದಲ ಅರೆಗೆ ಬರುತ್ತದೆ. ಮೊಬೈಲಿನ ಪದಕಲಿಕೆಯ ಆ್ಯಪ್‌ಗಳಲ್ಲಿ ಹಲವು ಇದೇ ತತ್ತ್ವದ ಮೇಲೆ ನಡೆಯುತ್ತವೆ.

ಚೀಟಿಯನ್ನು ತಿರುಗಿಸುವ ಮೊದಲು ಉತ್ತರವನ್ನು ನೆನಪಿನಿಂದ ತೆಗೆಯಲು ಯತ್ನಿಸುವುದು ಇದರ ಜೀವಾಳ. ರೋಡಿಗರ್ ಮತ್ತು ಕಾರ್ಪಿಕೆ ಅವರ 2006ರ ಪ್ರಯೋಗದಲ್ಲಿ, ಪಠ್ಯವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಮುಂದಿದ್ದವರು ಓದಿದ್ದನ್ನು ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು. ಮತ್ತೆ ಓದುವಾಗ ಎಲ್ಲವೂ ಪರಿಚಿತವೆನಿಸಿ ಕಲಿತೆವೆಂಬ ಭಾವ ಬರುತ್ತದೆ. ಆ ಭಾವವನ್ನು ನಂಬಬಾರದು.

ಇನ್ನೊಂದು ಸಾಮಾನ್ಯ ತಪ್ಪೆಂದರೆ ಒಂದನ್ನೊಂದು ಹೋಲುವ ಹೊಸ ಪದಗಳನ್ನು ಒಂದೇ ದಿನ ಕಲಿಯುವುದು. ‘ಇಂಪ್ಲೈ’ ಎಂದರೆ ಹೇಳುವವರು ಸೂಚಿಸುವುದು, ‘ಇನ್‌ಫರ್’ ಎಂದರೆ ಕೇಳುವವರು ತರ್ಕಿಸಿ ತಿಳಿಯುವುದು. ಎರಡನ್ನೂ ಒಟ್ಟಿಗೆ ಕಲಿತರೆ ಯಾವುದು ಯಾವುದೆಂಬ ಗೊಂದಲವೂ ಅವುಗಳ ಜೊತೆಗೇ ನೆನಪಿನಲ್ಲಿ ಉಳಿಯುತ್ತದೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ಎತ್ತಿಕೊಳ್ಳುವುದು ಮೇಲು.

ಉಚ್ಚಾರಣೆಯನ್ನು ಅರ್ಥದ ಜೊತೆಗೇ ಕಲಿಯಬೇಕು, ಏಕೆಂದರೆ ಬರೆದಂತೆ ಓದುವ ಕನ್ನಡದ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಸಾಲ ಎಂಬರ್ಥದ ‘ಡೆಟ್’ ಪದದ ಬರಹದಲ್ಲಿ ಬಿ ಅಕ್ಷರವಿದ್ದರೂ ಅದನ್ನು ಉಚ್ಚರಿಸುವುದಿಲ್ಲ. ಲ್ಯಾಟಿನ್ ಮೂಲವನ್ನು ತೋರಿಸಲೆಂದು ವಿದ್ವಾಂಸರು ಆಮೇಲೆ ತುರುಕಿದ ಅಕ್ಷರ ಅದು. ‘ಫೋಟೊಗ್ರಾಫ್’ನಲ್ಲಿ ಒತ್ತು ಮೊದಲ ಅಕ್ಷರಕ್ಕೆ, ‘ಫೊಟಾಗ್ರಫಿ’ಯಲ್ಲಿ ಎರಡನೆಯದಕ್ಕೆ. ಒತ್ತು ತಪ್ಪಿದರೆ ಗೊತ್ತಿರುವ ಪದವೂ ಕಿವಿಗೆ ಬಿದ್ದಾಗ ಗುರುತು ಸಿಗುವುದಿಲ್ಲ.

ಯಾವ ನಿಘಂಟು, ಯಾವ ಓದು?

ಇಂಗ್ಲಿಷ್‌–ಕನ್ನಡ ನಿಘಂಟು ಪದದ ಸ್ಥೂಲ ಪರಿಚಯ ಮಾಡಿಕೊಡುತ್ತದೆ. ಅದರ ಸಹವಾಸ, ಬಣ್ಣ, ಸಂದರ್ಭಗಳಿಗೆ ಕಲಿಯುವವರಿಗಾಗಿಯೇ ರಚಿಸಿದ ಇಂಗ್ಲಿಷ್‌–ಇಂಗ್ಲಿಷ್ ನಿಘಂಟು ಬೇಕು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಅವರ ತಂಡ ಸಿದ್ಧಪಡಿಸಿ 1942ರಲ್ಲಿ ಟೋಕಿಯೊದಲ್ಲಿ ಹೊರತಂದ ನಿಘಂಟು ಈ ಬಗೆಯ ಮೊದಲಿಗರಲ್ಲಿ ಒಂದು. 1948ರಲ್ಲಿ ಅದನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಪ್ರಕಟಿಸಿತು. ಈ ನಿಘಂಟುಗಳಲ್ಲಿ ಅರ್ಥಕ್ಕಿಂತ ಮೊದಲು ಉದಾಹರಣೆ ವಾಕ್ಯಗಳನ್ನು ಓದುವುದು ಒಳ್ಳೆಯ ಅಭ್ಯಾಸ. ಪದದ ಮುಂದೆ ಔಪಚಾರಿಕ, ಆಡುಮಾತು, ಹಳೆಯ ಬಳಕೆ, ಅಸಮ್ಮತಿಯ ಧ್ವನಿ ಎಂದು ಕೊಟ್ಟಿರುವ ಸಣ್ಣ ಅಕ್ಷರದ ಗುರುತುಗಳನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಮೇಲಿನ ಮಟ್ಟದವರಿಗೆ ಬೇಕಾದ ಮಾಹಿತಿ ಅಡಗಿರುವುದು ಅಲ್ಲಿಯೇ.

ಓದಿನ ವಿಷಯದಲ್ಲಿ, ಒಂದೇ ವಿಷಯದ ಮೇಲೆ ಕೆಲವು ವಾರ ನಿಂತು ಓದುವುದರಿಂದ ಲಾಭ ಹೆಚ್ಚು. ಹವಾಮಾನದ ಬಗ್ಗೆ ಹತ್ತು ಲೇಖನಗಳನ್ನು ಬೇರೆ ಬೇರೆಯವರ ಬರಹದಲ್ಲಿ ಓದಿದರೆ ಆ ಕ್ಷೇತ್ರದ ನಡುಪದರದ ಪದಗಳು ಮತ್ತೆ ಮತ್ತೆ, ಪ್ರತಿಸಲವೂ ತುಸು ಬೇರೆ ಸಹವಾಸದಲ್ಲಿ ಎದುರಾಗುತ್ತವೆ. ಅಪರೂಪದ ಪದ ಮರಳಿ ಬರಲು ವಾರಗಟ್ಟಲೆ ಕಾಯಬೇಕೆಂಬ ತೊಂದರೆಗೆ ಇದು ಒಂದು ದಾರಿ.

ಒಂದು ಪದದ ಜೊತೆ ಕೆಲವು ದಿನ

ಹೀಗೆ ಓದುತ್ತಿರುವಾಗ ‘ಮಿಟಿಗೇಟ್’ ಎಂಬ ಪದ ಸಿಕ್ಕಿತು ಎಂದುಕೊಳ್ಳೋಣ. ನಿ‌ಘಂಟು ಅದಕ್ಕೆ ತೀವ್ರತೆಯನ್ನು ತಗ್ಗಿಸು ಎಂಬ ಅರ್ಥ ಕೊಡುತ್ತದೆ, ಔಪಚಾರಿಕ ಎಂಬ ಗುರುತನ್ನೂ ಹಾಕುತ್ತದೆ. ಮೂಲ ಹುಡುಕಿದರೆ ಮೃದು ಎಂಬ ಅರ್ಥದ ಲ್ಯಾಟಿನ್ ಪದ ಸಿಗುತ್ತದೆ. ಮೆತ್ತಗೆ ಮಾಡುವುದು ಎಂದು ನೆನಪಿಟ್ಟುಕೊಳ್ಳಬಹುದು. ಉದಾಹರಣೆಗಳಲ್ಲಿ ಅದರ ಒಡನಾಡಿಗಳು ಕಾಣುತ್ತವೆ: ಅಪಾಯ, ಪರಿಣಾಮ, ಹಾನಿ. ಅಂದರೆ ಇದು ಕೆಟ್ಟದ್ದನ್ನು ತಗ್ಗಿಸುವ ಪದ. ಖರ್ಚಿನ ಮೊತ್ತವನ್ನೋ ವಾಹನದ ವೇಗವನ್ನೋ ಇಳಿಸುವುದಕ್ಕೆ ಇದನ್ನು ಬಳಸುವಂತಿಲ್ಲ. ಕೆಲವು ದಿನಗಳ ನಂತರ ನ್ಯಾಯಾಲಯದ ಸುದ್ದಿಯಲ್ಲಿ ‘ಮಿಟಿಗೇಟಿಂಗ್ ಸರ್ಕಮ್‌ಸ್ಟೆನ್ಸಸ್’ ಎಂದು ಬರುತ್ತದೆ, ತಪ್ಪಿನ ಗುರುತ್ವವನ್ನು ಕಡಿಮೆ ಮಾಡುವ ಸಂದರ್ಭಗಳು ಎಂಬ ಅರ್ಥದಲ್ಲಿ. ಬೇರೊಂದು ಕಡೆ ‘ಅನ್‌ಮಿಟಿಗೇಟೆಡ್ ಡಿಸಾಸ್ಟರ್’ ಎಂದು ಕಾಣುತ್ತದೆ, ಯಾವ ಸಮಾಧಾನದ ಅಂಶವೂ ಇಲ್ಲದ ಪೂರ್ತಿ ಅನಾಹುತ.

ಇಷ್ಟಾದ ಮೇಲೆ ತಮ್ಮದೇ ಕೆಲಸಕ್ಕೆ ಸಂಬಂಧಿಸಿದ ವಾಕ್ಯವೊಂದನ್ನು ಅದರಿಂದ ಬರೆದು ನೋಡಿದರೆ ಪದ ಗ್ರಹಿಕೆಯ ಕಡೆಯಿಂದ ಬಳಕೆಯ ಕಡೆಗೆ ದಾಟುತ್ತದೆ. ದಾಟುವಾಗ ಕಾಲು ಜಾರುವ ಜಾಗವೊಂದಿದೆ. ‘ಮಿಟಿಗೇಟ್ ಅಗೇನ್‌ಸ್ಟ್’ ಎಂದು ಬರೆಯುವವರು ಇಂಗ್ಲಿಷ್ ತಾಯ್ನುಡಿಯವರಲ್ಲೂ ಇದ್ದಾರೆ. ಅದು ‘ಮಿಲಿಟೇಟ್ ಅಗೇನ್‌ಸ್ಟ್’ ಎಂಬ, ಪ್ರತಿಕೂಲವಾಗಿ ಕೆಲಸ ಮಾಡು ಎಂಬರ್ಥದ ಬೇರೆಯೇ ಪದದ ಜೊತೆ ಆದ ಕಲಬೆರಕೆ. ಆ ಎರಡನೆಯ ಪದ ಬಂದಿರುವುದು ಸೈನಿಕ ಎಂಬ ಅರ್ಥದ ಲ್ಯಾಟಿನ್ ಮೂಲದಿಂದ, ‘ಮಿಲಿಟರಿ’ಯ ನೆಂಟ ಅದು. ಸೈನಿಕ ಯಾರದಾದರೂ ವಿರುದ್ಧ ನಿಲ್ಲುತ್ತಾನೆ, ಮೆತ್ತಗೆ ಮಾಡುವವನಿಗೆ ಆ ‘ಅಗೇನ್‌ಸ್ಟ್’ ಬೇಕಾಗುವುದಿಲ್ಲ.